ಲೈಟು ಹಿಡಿದವಳ ಕೆಲಸ

ನಮ್ಮ ಮನೆಯಲ್ಲಿ ಒಗ್ಗರಣೆ ಡಬ್ಬಿಗಳು ಎರಡಿದ್ದವು. ಎರಡೂ ಸ್ಟೀಲಿನವು, ಎರಡೂ ದುಂಡಗಿನವು, ಒಳಗೆ ಏಳೇಳು ಬಟ್ಟಲು. ಒಂದರಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಇಂಗು. ಇನ್ನೊಂದರಲ್ಲಿ ಸ್ಪ್ರಿಂಗುಗಳು. ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ಸರದಿಯ ಪ್ರಕಾರ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅಂತ ಒಂದು ಭಾಗ ಆಗಿನ ಕಾರುಗಳಲ್ಲಿ ಇರುತ್ತಿತ್ತಲ್ಲ, ಅದರೊಳಗೆ ಕೂರುವ ಪುಟಾಣಿ ಸ್ಪ್ರಿಂಗುಗಳು. ಮೆತ್ತಗಿನವು ಒಂದು ಬಟ್ಟಲಲ್ಲಿ, ಬಿರುಸಾದವು ಇನ್ನೊಂದರಲ್ಲಿ, ಎರಡೂ ಅಲ್ಲದವು ನಡುವಿನದರಲ್ಲಿ. ಒಮ್ಮೆ ಅಮ್ಮ ಅವಸರದಲ್ಲಿ ಅಪ್ಪನ ಡಬ್ಬಿ ತೆಗೆದು, ಚಮಚ ಹಾಕಿ, ಕಾದ ಎಣ್ಣೆಗೆ ಸುರಿದೇಬಿಟ್ಟಳು. ಅಪ್ಪ ಊಟಕ್ಕೆ ಕೂತಾಗ ಸಾರಿನಿಂದ ಒಂದು ಸ್ಪ್ರಿಂಗು ಹೆಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು, ಎಳೆದು ನೋಡಿ, "ಇದು ಹೋಯ್ತು, ಮೆತ್ತಗಾಗಿದೆ" ಅಂದರು. ಸಾರು ಹೇಗಿದೆ ಅಂತ ಹೇಳಲಿಲ್ಲ. ಅಮ್ಮ ಅದಕ್ಕೇ ಮೂರು ದಿನ ಮಾತು ಬಿಟ್ಟಿದ್ದಳು.

ಲೋಧಿ ಕಾಲೋನಿಯ ಕೆಳಗಿನ ಮನೆ ನಮ್ಮದು. ಎತ್ತರದ ಸೂರು, ದಪ್ಪ ಗೋಡೆ, ಬೇಸಿಗೆಯಲ್ಲೂ ನೆಲ ತಣ್ಣಗೆ. ಅಪ್ಪ ಸೈನ್ಯದಲ್ಲಿ ಗಾಡಿ ರಿಪೇರಿ ಮಾಡಿಕೊಂಡಿದ್ದವರು, ಅಲ್ಲಿಂದ ಬಂದು ಒಂದು ಸರ್ಕಾರಿ ವರ್ಕ್‌ಶಾಪಿಗೆ ಸೇರಿದ್ದರು. ಅಮ್ಮ ಅರಸೀಕೆರೆ ಕಡೆಯವಳು; ದೆಹಲಿಗೆ ಬಂದು ಹದಿಮೂರು ವರ್ಷವಾದರೂ ತರಕಾರಿ ಭಯ್ಯಾನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದಳು. ಹಿಂದಿನ ಗಲ್ಲಿಯಲ್ಲಿ, ಅಡುಗೆಮನೆಯ ಕಿಟಕಿಯ ಎದುರಿಗೇ, ಒಂದು ತಗಡಿನ ಶೆಡ್ಡು. ಭಾನುವಾರವಾದರೆ ಅಪ್ಪ ಅಲ್ಲಿ. ಗುಡ್ಡಗಾಡಿನ ರ‍್ಯಾಲಿಗಳಲ್ಲಿ ಕಾರು ಓಡಿಸುವ ಹುಚ್ಚಿನ ನಾಲ್ಕೈದು ಮಂದಿ ತಮ್ಮ ಗಾಡಿಗಳನ್ನು ತಂದು ಬಿಡುತ್ತಿದ್ದರು. ಯಾವ ಪ್ಲಗ್ಗು ಹಾಕಬೇಕು, ಯಾವ ಸ್ಪ್ರಿಂಗು, ಕಾರ್ಬ್ಯುರೇಟರಿಗೆ ಎಷ್ಟು ದೊಡ್ಡ ತೂತು, ಕಿಡಿ ಯಾವಾಗ ಬೀಳಬೇಕು, ಎಲ್ಲ ಅಪ್ಪನದೇ ತೀರ್ಮಾನ. ಓಡಿಸಿ ತಂದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆಯುತ್ತಿದ್ದರು. ತುದಿ ಬೆಳ್ಳಗಿದ್ದರೆ ಒಳಗೆ ಕಾವು ಹೆಚ್ಚು, ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಸರಿ. ನನಗೆ ಮಗ್ಗಿ ಬರುವ ಮೊದಲು ಇದು ಬಂದಿತ್ತು.

ಊಟದ ಹೊತ್ತಿಗೂ ಅದೇ ಮಾತು. ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿ ಮುಚ್ಚಳ ಮುಚ್ಚಿದರೆ ಸಾಕು, ಅಪ್ಪ ತಲೆ ಓರೆ ಮಾಡಿ ಕೇಳುತ್ತಿದ್ದರು. ಕಿಡಿ ತೀರಾ ಮುಂಚೆ ಬಿದ್ದರೆ ಇಂಜಿನ್ನಿನೊಳಗೆ ಅದೇ ಚಟಪಟ ಸದ್ದು. ಅದು ಕೇಳಿಸಿತೋ, ಪಿಸ್ಟನ್ನಿಗೆ ತೂತು ಬಿತ್ತು ಅಂತಲೇ ಲೆಕ್ಕ.

"ಬೆಂಕಿ ಹೊತ್ಕೊಳ್ಳೋಕೆ ಹೊತ್ತು ಹಿಡಿಯತ್ತೆ ಪುಟ್ಟಿ. ಪಿಸ್ಟನ್ ಮೇಲೆ ಬಂದ್ಮೇಲೆ ಕಿಡಿ ಕೊಟ್ರೆ ಆಗ್ಲೇ ಲೇಟು. ಬರೋಕೆ ಮುಂಚೆನೇ ಕೊಡ್ಬೇಕು. ಎಷ್ಟು ಮುಂಚೆ ಅನ್ನೋದೇ ವಿದ್ಯೆ."

"ಊಟಕ್ಕೆ ಮುಂಚೆ ಕೈ ತೊಳ್ಕೊಳ್ಳೋ ವಿದ್ಯೆನೂ ಸ್ವಲ್ಪ ಕಲೀರಿ," ಅಂತ ಅಮ್ಮ.

ಕಿಡಿ ಎಷ್ಟು ಮುಂಚೆ ಬೀಳುತ್ತಿದೆ ಅಂತ ನೋಡುವುದಕ್ಕೆ ಒಂದು ಲೈಟು ಇತ್ತು. ಪಿಸ್ತೂಲಿನ ಆಕಾರದ್ದು, ಹಿಡಿಗೆ ಅಪ್ಪ ಸೈಕಲ್ ಟ್ಯೂಬು ಸುತ್ತಿದ್ದರು. ಅದರ ತಂತಿಯನ್ನು ಮೊದಲನೇ ಪ್ಲಗ್ಗಿಗೆ ಸಿಕ್ಕಿಸಿದರೆ, ಆ ಪ್ಲಗ್ಗಿನಲ್ಲಿ ಕಿಡಿ ಬಿದ್ದಾಗಲೆಲ್ಲ ಲೈಟು ಒಂದು ಸಲ ಮಿಂಚುತ್ತದೆ. ಇಂಜಿನ್ನಿನ ಮುಂದೆ, ಕೆಳಗಡೆ, ಒಂದು ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿರುತ್ತದೆ. ಅದರ ಅಂಚಿಗೆ ಅಪ್ಪ ಸುಣ್ಣದಲ್ಲಿ ಒಂದು ಗೀಟು ಹಾಕಿರುತ್ತಿದ್ದರು. ಚಕ್ರ ಅದೇ ಜಾಗಕ್ಕೆ ಬಂದಾಗಲೇ ಪ್ರತಿ ಸಲ ಮಿಂಚು ಬೀಳುವುದರಿಂದ, ಬೆಳಕಿನಲ್ಲಿ ಆ ಗೀಟು ಕದಲದೆ ನಿಂತುಬಿಟ್ಟಂತೆ ಕಾಣುತ್ತದೆ. ಅದು ಎಲ್ಲಿ ನಿಂತಿದೆ ಅಂತ ನೋಡಿಕೊಂಡು ಅಪ್ಪ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು.

ಬಿಸಿಲಿನಲ್ಲಿ ಆ ಮಿಂಚು ಕಾಣುವುದಿಲ್ಲ. ಅದಕ್ಕೆ ಕಾರಿನ ಮೂತಿಯನ್ನು ಶೆಡ್ಡಿನೊಳಗೆ ನುಗ್ಗಿಸಿ, ಹೊಗೆ ಹೊರಗೇ ಹೋಗಲಿ ಅಂತ ಹಿಂಭಾಗವನ್ನು ಗಲ್ಲಿಗೆ ಬಿಟ್ಟು, ನಡುವೆ ಗೋಣಿಪರದೆ ಇಳಿಬಿಡುತ್ತಿದ್ದೆವು. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ದೆಹಲಿಯ ಗಲ್ಲಿಗಳು ಹೇಗಿರುತ್ತವೆ ಅಂತ ಕಂಡವರಿಗೆ ಗೊತ್ತು. ಒಂದು ನರಪಿಳ್ಳೆಯೂ ಇರುವುದಿಲ್ಲ. ಬಿಸಿಗಾಳಿ ಬೇವಿನ ಎಲೆಗಳನ್ನು ಉರುಳಿಸಿಕೊಂಡು ಹೋಗುತ್ತಿರುತ್ತದೆ. ಎಲ್ಲ ಮನೆಗಳ ಕಿಟಕಿ ಮುಚ್ಚಿ, ಒಳಗೆ ಜನ ಇದ್ದಾರೋ ಇಲ್ಲವೋ ಅನ್ನಿಸುತ್ತದೆ. ಅಂಥ ಹೊತ್ತಿನಲ್ಲಿ ಆ ಪರದೆಯ ಒಳಗೆ ನಾನು ಲೈಟು ಹಿಡಿದು ನಿಲ್ಲುತ್ತಿದ್ದೆ. ನನಗೆ ಹನ್ನೊಂದು ವರ್ಷ.

ನಿಜ ಹೇಳುತ್ತೇನೆ, ನನಗೆ ಅಲ್ಲಿ ಭಯವಾಗುತ್ತಿತ್ತು, ಆ ಭಯ ನನಗೆ ಬೇಕಾಗಿಯೂ ಇತ್ತು. ಆ ಮಿಂಚಿನಲ್ಲಿ ಯಾರೂ ನಡೆಯುವುದಿಲ್ಲ. ಅಮ್ಮ ಮಜ್ಜಿಗೆ ತಂದರೆ, ಒಂದು ಮಿಂಚಿನಲ್ಲಿ ಪರದೆಯ ಹತ್ತಿರ ಇರುತ್ತಿದ್ದಳು, ಇನ್ನೊಂದರಲ್ಲಿ ಬಾನೆಟ್ಟಿನ ಹತ್ತಿರ, ಇನ್ನೊಂದರಲ್ಲಿ ನನ್ನ ಮುಖದ ಮುಂದೆ. ಹೆಜ್ಜೆ ಹಾಕಿದ್ದೇ ಕಾಣದು. ಅಪ್ಪನ ಮುಖ ಮಾತಿನ ನಡುವೆ ಬಾಯಿ ತೆರೆದು ನಿಂತು, ಗೋಡೆಗೆ ಹಾಕಿದ ಫೋಟೋದಂತೆ ಆಗುತ್ತಿತ್ತು. ಎರಡು ಮಿಂಚುಗಳ ನಡುವಿನ ಕತ್ತಲೆಯಲ್ಲಿ ಅವರು ಏನು ಮಾಡುತ್ತಾರೆ, ಆಗಲೂ ಅವರೇ ಇರುತ್ತಾರಾ, ಅಂತ ನನಗೆ ಅನುಮಾನ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಲೈಟು ಕಿತ್ತುಕೊಂಡುಬಿಡುತ್ತಿದ್ದರು.

ಲೈಟು ಹಿಡಿದವರಿಗೆ ಅಪ್ಪ ಒಂದು ಕಟ್ಟಳೆ ಮಾಡಿದ್ದರು. ಇಂಜಿನ್ನು ಓಡುತ್ತಿರುವಷ್ಟು ಹೊತ್ತೂ ಬಾಯಿ ಮುಚ್ಚುವಂತಿಲ್ಲ. ಒಂದೊಂದು ಉಸಿರಿಗೂ "ಓಡ್ತಿದೆ" ಅಂತ ಗಟ್ಟಿಯಾಗಿ ಹೇಳಬೇಕು.

"ಈ ಬೆಳಕು ಸುಳ್ಳು ಹೇಳತ್ತೆ. ತಿರುಗ್ತಾ ಇರೋದು ನಿಂತ ಹಾಗೆ ಕಾಣತ್ತೆ. ಕಣ್ಣು ನಂಬಿದ್ರೆ ಪರವಾಗಿಲ್ಲ, ಕಣ್ಣಿನ ಮಾತು ಕೇಳಿ ಕೈ ನಂಬಿಬಿಡತ್ತೆ. ಅದಕ್ಕೇ ಕಿವಿಗೆ ನಿನ್ನ ದನಿ ಬೀಳ್ತಾ ಇರ್ಬೇಕು."

"ಇಂಜಿನ್ ಸದ್ದೇ ಇದೆಯಲ್ಲಪ್ಪ?"

"ಅದು ಬೆಳಗ್ಗೆಯಿಂದ ಇರತ್ತೆ. ಯಾವಾಗ್ಲೂ ಇರೋದು ಕಿವಿಗೆ ಕೇಳಲ್ಲ."

ಆ ಗದ್ದಲದಲ್ಲಿ ಕೇಳಿಸಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಬೇಕು. ಮೇಲಿನ ಮನೆಯ ಆಂಟಿ ಒಮ್ಮೆ ಅಮ್ಮನನ್ನು ಕೇಳಿದ್ದರು, ನಿಮ್ಮ ಬಿಟಿಯಾ ಭಾನುವಾರ ಭಾನುವಾರ ಏನು ಮಂತ್ರ ಹೇಳುತ್ತಾಳೆ ಅಂತ. ನನಗೋ, ಕೊಂಬು ಬಂದಿತ್ತು. ಅಪ್ಪನ ಕೈ ಉಳಿಯುವುದು ನನ್ನ ಬಾಯಿಯಿಂದ ಅಂತ ಗೊತ್ತಿತ್ತು. ಶಾಲೆಯಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಶೆಡ್ಡಿನೊಳಗೆ ನಾನೇ ರಾಣಿ.

ಅಮ್ಮನ ತಮ್ಮ ಶಿವುಮಾವ ಆಗ ಹೌಜ್ ಖಾಸ್ ಹತ್ತಿರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಭಾನುವಾರ ನಮ್ಮಲ್ಲೇ ಊಟ. ಹಾಸ್ಟೆಲಿನ ರಾಜ್ಮಾ ತಿಂದು ತಿಂದು ನಾಲಿಗೆ ಸತ್ತುಹೋಗಿದೆ ಅನ್ನುತ್ತ ಅಮ್ಮನ ಹುಳಿಯನ್ನು ಮೂರು ಸಲ ಹಾಕಿಸಿಕೊಳ್ಳುತ್ತಿದ್ದ. ಅಮ್ಮನಿಗೆ ಅವನೆಂದರೆ ಪ್ರಾಣ. ಅವರಪ್ಪ ಹೋದ ಮೇಲೆ ಇವಳೇ ಸಾಕಿದ್ದು, ಇವಳೇ ದೆಹಲಿಗೆ ಕರೆಸಿಕೊಂಡಿದ್ದು. ನನಗೂ ಅವನೆಂದರೆ ಅಷ್ಟೇ. ನನ್ನನ್ನು 'ಮೇಡಂ' ಅಂತ ಮೊದಲು ಕರೆದವನು ಅವನು. ಆ ಭಾನುವಾರ ಅವನು ಪೇಪರಿನಲ್ಲಿ ಸುತ್ತಿದ ಏನನ್ನೋ ತಂದು, ಹಪ್ಪಳದ ತಟ್ಟೆ ಸರಿಸಿ, ಅಪ್ಪನ ಎಲೆಯ ಪಕ್ಕದಲ್ಲಿ ಇಟ್ಟ. ಹೊಳೆಯುವ ಅಲ್ಯೂಮಿನಿಯಂ ಚಕ್ರ. ರೇಡಿಯೇಟರಿನ ಫ್ಯಾನು ಕೂರುವ ಚಕ್ರ ಅದು. ಕೆಳಗಿನ ಚಕ್ರದಿಂದ ಬೆಲ್ಟು ಬಂದು ಅದನ್ನು ತಿರುಗಿಸುತ್ತದೆ.

"ಕಾಲೇಜಿನ ಲೇತ್‌ನಲ್ಲಿ ನಾನೇ ಕಡೆದಿದ್ದು ಭಾವ. ಹಳೇದು ಚಿಕ್ಕದು, ಅದಕ್ಕೇ ಫ್ಯಾನು ಇಂಜಿನ್‌ಗಿಂತ ಜೋರಾಗಿ ತಿರುಗತ್ತೆ. ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿದ್ಮೇಲೆ ಆ ಫ್ಯಾನೇ ಇಂಜಿನ್ ಶಕ್ತೀನೆಲ್ಲ ತಿಂದ್ಹಾಕತ್ತೆ. ಇದು ಕೆಳಗಿನ ಚಕ್ರ ಎಷ್ಟೋ ಅಷ್ಟೇ. ಅದೊಂದು ಸುತ್ತು ಬಂದ್ರೆ ಇದೂ ಒಂದೇ ಸುತ್ತು."

"ಫ್ಯಾನ್ ನಿಧಾನ ಆದ್ರೆ ನೀರು ಕುದಿಯತ್ತಲ್ಲೋ."

"ಟ್ರಾಫಿಕ್ಕಲ್ಲಿ ಕುದಿಯತ್ತೆ. ರ‍್ಯಾಲಿಲಿ ಗಾಳಿ ತಾನಾಗೇ ನುಗ್ಗತ್ತಲ್ಲ ಭಾವ."

"ಎಂಜಲು ಕೈಯಲ್ಲಿ ಅದನ್ನ ಮುಟ್ಬೇಡಿ, ಇಬ್ರೂ ಊಟ ಮಾಡಿ ಏಳಿ ಮೊದ್ಲು!" ಅಂತ ಅಮ್ಮ ಗದರಿದಳು.

ಅಪ್ಪನಿಗೆ ಆಸೆಯಾಗಿತ್ತು. ಬೇಡ ಬೇಡ ಅನ್ನುತ್ತಲೇ ಚಕ್ರವನ್ನು ಅಂಗೈಯಲ್ಲಿ ತೂಗಿ ತೂಗಿ ನೋಡಿದರು. "ಕೆಲಸ ಚೆನ್ನಾಗಿದೆ," ಅಂದರು ಕೊನೆಗೆ. ಅಪ್ಪನ ಬಾಯಲ್ಲಿ ಆ ಮಾತು ಬರುವುದೆಂದರೆ ಹುಡುಗಾಟವಲ್ಲ. ಮಾವ ಕಿವಿಯವರೆಗೆ ನಕ್ಕ. ಊಟವಾದ ಅರ್ಧ ಗಂಟೆಗೆ ಹಳೆಯದು ಬಿಚ್ಚಿ ಹೊಸದು ಕೂರಿಸಿದ್ದಾಯಿತು.

ಅಲ್ಲಿಯವರೆಗೆ ಆ ಬೆಳಕಿನಲ್ಲಿ ಕೆಳಗಿನ ಚಕ್ರದ ಗೀಟು ಮಾತ್ರ ನಿಲ್ಲುತ್ತಿತ್ತು. ಫ್ಯಾನು ಎಂದೂ ನಿಂತಿರಲಿಲ್ಲ. ಅದರ ಲೆಕ್ಕವೇ ಬೇರೆಯಾದ್ದರಿಂದ ಮಿಂಚಿನಲ್ಲಿ ಅದು ಸೋಮಾರಿಯಾಗಿ, ಕರೆಂಟು ಕಮ್ಮಿಯಾದಾಗ ಸೀಲಿಂಗ್ ಫ್ಯಾನು ತಿರುಗುತ್ತದಲ್ಲ, ಹಾಗೆ ತಿರುಗುತ್ತಿತ್ತು. ಸುಳ್ಳೇ, ಆದರೂ ತಿರುಗುತ್ತಿದೆ ಅಂತಾದರೂ ಕಾಣುತ್ತಿತ್ತು. ಎರಡೂ ಚಕ್ರ ಒಂದೇ ಅಳತೆಯದ್ದಾದರೆ ಆ ಬೆಳಕಿನಲ್ಲಿ ಫ್ಯಾನಿನ ಗತಿ ಏನಾಗುತ್ತದೆ ಅಂತ ಯಾರೂ ಯೋಚಿಸಲಿಲ್ಲ. ಇಷ್ಟು ಬಲ್ಲ ಅಪ್ಪನೂ ಯೋಚಿಸಲಿಲ್ಲ, ಅಷ್ಟು ಓದಿದ ಮಾವನೂ ಯೋಚಿಸಲಿಲ್ಲ. ಇಬ್ಬರೂ ಐದು ಸಾವಿರದ ಆಚೆಗೆ ಏನಾಗುತ್ತದೆ ಅಂತಲೇ ಮಾತಾಡುತ್ತಿದ್ದರು.

ಪರದೆ ಇಳಿಬಿಟ್ಟೆವು. ಇಂಜಿನ್ನು ಶುರುವಾಯಿತು. ನಾನು ಲೈಟು ಒತ್ತಿದೆ.

"ಓಡ್ತಿದೆ," ಅಂದೆ. "ಓಡ್ತಿದೆ." ಗೀಟು ನೋಡುತ್ತಿದ್ದವಳು ತಲೆ ಎತ್ತಿದೆ. ಫ್ಯಾನು ನಿಂತಿತ್ತು. ನಾಲ್ಕು ರೆಕ್ಕೆ, ಅಂಚಿನ ತುಕ್ಕು, ಒಂದು ರೆಕ್ಕೆಯ ಮೇಲೆ ಒಣಗಿ ಅಂಟಿದ ಚಿಟ್ಟೆ, ಎಲ್ಲ ಸ್ಪಷ್ಟವಾಗಿ, ಅಲ್ಲಾಡದೆ. ಗಾಳಿ ಮಾತ್ರ ಮುಖಕ್ಕೆ ಬಡಿಯುತ್ತಿತ್ತು. ನನ್ನ ಕೂದಲು ಹಾರುತ್ತಿತ್ತು, ಹಾರಿಸುವುದು ಮಾತ್ರ ಸತ್ತ ಹಾಗೆ ನಿಂತಿತ್ತು. ಭಯವಾಯಿತು. ಅಷ್ಟು ಚೆಂದದ್ದನ್ನು ಅದುವರೆಗೆ ನಾನು ನೋಡಿರಲೇ ಇಲ್ಲ ಅಂತಲೂ ಅನ್ನಿಸಿತು.

"ನೋಡಿ ಭಾವ, ಹೇಗೆ ನಿಂತಿದೆ!" ಮಾವ ನನ್ನ ಹಿಂದೆ ಕೂಗಿದ. ಅವನ ದನಿಯಲ್ಲಿ ಹೆಮ್ಮೆ. ಚಕ್ರದ ಅಳತೆ ಕರಾರುವಾಕ್ಕಾಗಿ ಬಂದಿದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? ಅಪ್ಪ ಆ ಕಡೆಯಿಂದ ಸುತ್ತಿಕೊಂಡು ನನ್ನ ಕಡೆ ಬಂದರು. ನಿಂತಿರುವುದನ್ನು ಕಣ್ಣಾರೆ ನೋಡುತ್ತ ಓಡ್ತಿದೆ ಅಂತ ಹೇಗೆ ಹೇಳುವುದು? ಹೇಳಿದರೆ ಅದು ಮುರಿದುಹೋಗುತ್ತದೆ ಅನ್ನಿಸಿತು. ಒಂದು ಉಸಿರು ಹೋಯಿತು. ಇನ್ನೊಂದು ಹೋಯಿತು. ನಾನು ಸುಮ್ಮನಿದ್ದೆ.

ಡಿಸ್ಟ್ರಿಬ್ಯೂಟರ್ ಇದ್ದದ್ದು ಇಂಜಿನ್ನಿನ ಆಚೆ ಬದಿಗೆ. ಅಪ್ಪನಿಗೆ ಈ ಬದಿಯಲ್ಲಿ ಕೈಹಾಕುವ ಕೆಲಸ ಒಂದೂ ಇರಲಿಲ್ಲ. ಆದರೂ ಒಂದು ಮಿಂಚಿನಲ್ಲಿ ಅವರ ಬಲಗೈ ಬಾನೆಟ್ಟಿನ ಅಂಚಿನ ಮೇಲಿತ್ತು, ಮುಂದಿನದರಲ್ಲಿ ಫ್ಯಾನಿನ ಮುಂದಿತ್ತು. ಮಲಗಿದ ಮಗುವಿನ ಕೆನ್ನೆ ಮುಟ್ಟಲು ಹೋಗುತ್ತೇವಲ್ಲ, ಹಾಗೆ, ಎರಡು ಬೆರಳು ಮುಂದೆ ಚಾಚಿದ್ದರು. ಅವರ ಮುಖ ನೋಡಿದೆ. ನಗುತ್ತಿದ್ದರು. ಅದು ನಿಜವಾಗಿಯೂ ನಿಂತಿದೆಯಾ ಅಂತ ಮುಟ್ಟಿ ನೋಡುವುದಕ್ಕೆ ಹೊರಟ ಮುಖ. ಹಪ್ಪಳ ಮುರಿದಷ್ಟೇ ಸದ್ದಾಯಿತು. ಮುಂದಿನ ಮಿಂಚಿನಲ್ಲಿ ಕೈ ಎದೆಯ ಹತ್ತಿರ ಇತ್ತು, ಅಪ್ಪ ಅದನ್ನೇ ನೋಡುತ್ತಿದ್ದರು, ಮುಖದ ಮೇಲೆ ಆ ನಗು ಇನ್ನೂ ಇತ್ತು. ಫ್ಯಾನು ಹಾಗೇ ನಿಂತಿತ್ತು. ಮಾವ ಹಾರಿ ಇಂಜಿನ್ನು ಆರಿಸುವವರೆಗೂ ನಾನು ಲೈಟು ಹಿಡಿದುಕೊಂಡೇ ಇದ್ದೆ. ಆರಿಸಿದ ಮೇಲೆ ಕತ್ತಲೆಯಲ್ಲಿ ಅದು ಇನ್ನೂ ಒಂದಷ್ಟು ಸುತ್ತು ತಿರುಗಿದ್ದು ಕೇಳಿಸಿತು.

ತೋರುಬೆರಳು ಪೂರ್ತಿ, ನಡುಬೆರಳು ಅರ್ಧ. ಮಾರನೇ ದಿನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಮ್ಮ ನಡುಮನೆಯಲ್ಲಿ ನಿಂತು ತಮ್ಮನಿಗೆ ಬೈದ ಬೈಗುಳ ಇಡೀ ಬ್ಲಾಕಿಗೆ ಕೇಳಿಸಿರಬೇಕು.

"ನಿನ್ನ ಹಾಳು ಚಕ್ರ ನನ್ನ ಗಂಡನ ಕೈ ತಿಂತಲ್ಲೋ! ನಾನು ಅನ್ನ ಹಾಕಿದ್ದು ಇದಕ್ಕೇನೋ?"

ಮಾವ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ. ಮೆತ್ತಗೆ ಕೇಳಿದ.

"ಪುಟ್ಟಿ, ನೀನು ಹೇಳ್ತಾ ಇದ್ದೆ ತಾನೇ?"

ಅವನು ನನ್ನ ಹಿಂದೆ ಒಂದು ಮಾರು ದೂರದಲ್ಲಿ ನಿಂತಿದ್ದವನು. ಅವನಿಗೆ ಕಿವಿ ಇರಲಿಲ್ಲವೇ? ಗೊತ್ತಿದ್ದೂ ಕೇಳುತ್ತಿದ್ದಾನೆ ಅಂತ ನನಗೂ ಗೊತ್ತಾಯಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಹೂಂ. ಹೇಳ್ತಾನೇ ಇದ್ದೆ," ಅಂದೆ.

"ಅಚ್ಛಾ," ಅಂದ ಮಾವ. ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಅಮ್ಮ ಅವನ ಪಾಲಿನ ಹುಳಿ ಮಾಡುವುದನ್ನು ನಿಲ್ಲಿಸಿದಳು. ಅವನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕೈ ಜಾರಿತು, ಹೊಸ ಚಕ್ರ ಸರಿ ಇರಲಿಲ್ಲ, ಅಂತ ಅಪ್ಪ ಕೇಳಿದವರಿಗೆಲ್ಲ ಹೇಳಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಆಮೇಲೆ ನನಗೊಂದು ರೋಗ ಹತ್ತಿಕೊಂಡಿತು. ನಿಂತ ವಸ್ತುಗಳು ನಿಂತಿವೆ ಅಂತ ನಂಬಿಕೆಯೇ ಬರುತ್ತಿರಲಿಲ್ಲ. ಕರೆಂಟು ಹೋದಾಗ ಸೀಲಿಂಗ್ ಫ್ಯಾನಿನ ಕೆಳಗೆ ಹೋಗುತ್ತಿರಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನ ಬೇವಿನ ಮರದ ಒಂದೆಲೆಯೂ ಅಲ್ಲಾಡದಿದ್ದರೆ ಅತ್ತ ನೋಡದೆ ಒಳಗೆ ಓಡುತ್ತಿದ್ದೆ. ಅಮ್ಮ ಒಲೆಯ ಮುಂದೆ ಯೋಚಿಸುತ್ತ ಸುಮ್ಮನೆ ನಿಂತಿದ್ದರೆ, ಅವಳ ಸೆರಗಿನ ತುದಿ ಮುಟ್ಟುವುದಕ್ಕೂ ಹೆದರಿಕೆ. ಆಗೆಲ್ಲ ನನಗೆ ತಿಳಿಯದೆಯೇ ತುಟಿ ಅಲ್ಲಾಡುತ್ತಿತ್ತು. ಓಡ್ತಿದೆ, ಓಡ್ತಿದೆ. ಊಟ ಮಾಡುವಾಗ, ಪರೀಕ್ಷೆ ಬರೆಯುವಾಗ, ನಿದ್ದೆಯಲ್ಲಿ. ಮಗು ಹೆದರಿಕೊಂಡಿದೆ ಅಂತ ಅಮ್ಮ ಮೂರು ಮಂಗಳವಾರ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಬೆಂಕಿಗೆ ಹಾಕಿದಳು. ಘಾಟು ಬಂದರೆ ದೃಷ್ಟಿ ಇಲ್ಲ ಅಂತ ಲೆಕ್ಕ. ಮೂರು ಸಲವೂ ಘಾಟಿಗೆ ಮೇಲಿನ ಮನೆಯವರೂ ಕೆಮ್ಮಿದರು. "ನಿಂಗೆ ಹಿಡಿದಿರೋದು ದೃಷ್ಟಿ ಅಲ್ಲ ಕಣೆ," ಅಂದಳು ಅಮ್ಮ.

ಅಪ್ಪನ ರೋಗ ಬೇರೆ. ಹೋದ ಬೆರಳುಗಳು ಅವರಿಗೆ ಇನ್ನೂ ಇದ್ದವು. ಮಧ್ಯಾಹ್ನ ಚಾ ಕುಡಿಯುತ್ತ ಕುಳಿತವರು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು, ಬೆರಳಿಲ್ಲದ ಜಾಗವನ್ನು ಗಾಳಿಯಲ್ಲಿ ಮುಂದೆ ಚಾಚಿ, ಕಣ್ಣು ಮುಚ್ಚುತ್ತಿದ್ದರು.

"ನೋವಾ ಅಪ್ಪ?"

"ನೋವಲ್ಲ. ತಣ್ಣಗಿದೆ. ರೆಕ್ಕೆ ಬೆರಳ ತುದೀಲೇ ಇದೆ, ನಿಂತೇ ಇದೆ. ತಗಡಿನ ಅಂಚೂ ಗೊತ್ತಾಗತ್ತೆ."

ಅದನ್ನು ಹೇಳುವಾಗ ಅವರ ಮುಖದಲ್ಲಿ ಶೆಡ್ಡಿನ ಆ ನಗು ಬರುತ್ತಿತ್ತು. ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೈ ಮಾಗಿದ ಮೇಲೆ ಅಪ್ಪ ಶೆಡ್ಡಿಗೆ ಮರಳಿದರು. ಹಳೆಯ ಚಕ್ರ, ಹಳೆಯ ಕಟ್ಟಳೆ. ಲೈಟನ್ನು ನನ್ನ ಕೈಗೇ ಕೊಟ್ಟರು. ಎಡಗೈಯಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸುವುದನ್ನು ಅವರು ಕಲಿತರು, ಬಲಗೈಯಲ್ಲಿ ತಿರುಗಿಸುವುದನ್ನು ನನಗೆ ಕಲಿಸಿದರು. ಈಗ ಗಾಜಿಯಾಬಾದಿನಲ್ಲಿ ನನ್ನದೇ ಗ್ಯಾರೇಜಿದೆ. ರೇಸಿನ ಕಾರುಗಳು, ಲ್ಯಾಪ್‌ಟಾಪು ಚುಚ್ಚಿ ಕೂತರೆ ಕಿಡಿಯ ಲೆಕ್ಕವೆಲ್ಲ ಪರದೆಯ ಮೇಲೆ. ಇಪ್ಪತ್ತೈದರ ಹುಡುಗರು "ಮೇಡಂ, ಕಿಡಿ ಇನ್ನೆರಡು ಡಿಗ್ರಿ ಮುಂಚೆ ತಗೊಳ್ಳಿ, ಏನೂ ಆಗಲ್ಲ" ಅನ್ನುತ್ತಾರೆ. ನಾನು ಸಿಡುಕಿ ಅಂತ ಹೆಸರು. ಏನೂ ಆಗಲ್ಲ ಅನ್ನುವವರ ಕಾರನ್ನು ನಾನು ಮುಟ್ಟುವುದಿಲ್ಲ.

ಆದರೆ ಮಾವನ ವಿಷಯದಲ್ಲಿ ನಾನು ಹೇಡಿ. ಹೇಳಬೇಕು ಅಂತ ಹತ್ತು ಸಲ ಹೊರಟಿದ್ದೆ. ಹೈಸ್ಕೂಲು ಮುಗಿದಾಗ, ಮದುವೆಯ ಕರೆಯೋಲೆಗೆ ವಿಳಾಸ ಬರೆಯುವಾಗ, ಅಪ್ಪ ತೀರಿಕೊಂಡಾಗ. ಆವತ್ತು ಸ್ಮಶಾನದ ಗೇಟಿನ ಹೊರಗೆ, ಬಿಳಿ ಕೂದಲಿನ ಒಬ್ಬರು ಒಬ್ಬರೇ ನಿಂತಿದ್ದರು. ಗುರುತು ಹತ್ತಿತು. ಹತ್ತಿರ ಹೋದೆ. "ಊಟ ಮಾಡಿದ್ಯಾ ಮೇಡಂ?" ಅಂತ ಕೇಳಿದ ಮಾವ. ಅಷ್ಟೇ ಕೇಳಿದ. ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದ. ನಾನು ಹೂಂ ಅಂದೆ. ಅವನು ಆಟೋ ಹತ್ತಿದ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಉಗಿಯುವಷ್ಟು ಸಿಟ್ಟು ಬರುತ್ತದೆ.

ಈ ಚಳಿಗಾಲದಲ್ಲಿ ಮಾವ ಹೋದ. ಅವನ ಮಗಳು ಫೋನು ಮಾಡಿ ಹೇಳಿದಳು, ಅರ್ಧ ಹಿಂದಿ, ಅರ್ಧ ಕನ್ನಡ. ಅಮ್ಮ ಈಗ ಇಂದಿರಾಪುರಂನಲ್ಲಿ ನನ್ನ ಜೊತೆ, ಹದಿನಾಲ್ಕನೇ ಮಹಡಿಯಲ್ಲಿ. ಎಂಬತ್ತು ದಾಟಿದೆ, ಕಿವಿ ಚುರುಕು. ಸುದ್ದಿ ಕೇಳಿ ಅಳಲಿಲ್ಲ. ಹದಿಮೂರನೇ ದಿನ ಬೆಳಗ್ಗೆ ಅಡುಗೆಗೆ ಬರುವ ಹುಡುಗಿಯನ್ನೂ ಒಳಗೆ ಬಿಡದೆ, ಕುರ್ಚಿ ಹಾಕಿಕೊಂಡು ಕೂತು, ತಾನೇ ಹುಳಿ ಮಾಡಿದಳು. ಕಿಟಕಿಯ ಆಚೆ ಮಂಜು. ಎದುರಿನ ಟವರುಗಳಿಲ್ಲ, ರಸ್ತೆಯಿಲ್ಲ, ಏನೂ ಇಲ್ಲ. ಮಾವನ ಹೆಸರಿನಲ್ಲಿ ಹಾಕಿದ ಎಲೆಯ ಮೇಲೆ ಮೂರು ಸಲ ಹುಳಿ ಬಡಿಸಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಮ್ಮ, ಆವತ್ತು ನಾನು ಹೇಳ್ತಾ ಇರ್ಲಿಲ್ಲ. ಸುಮ್ಮನಾಗಿಬಿಟ್ಟೆ. ಮಾವಂದು ತಪ್ಪಿಲ್ಲ. ನಂದು."

ಅಮ್ಮ ಸೌಟು ಕೆಳಗಿಟ್ಟಳು.

"ಗೊತ್ತು ಕಣೆ."

"ಗೊತ್ತು ಅಂದ್ರೆ?"

"ಅಡುಗೆಮನೆ ಕಿಟಕಿ ಅಲ್ಲೇ ಇರ್ಲಿಲ್ವಾ? ಪ್ರತಿ ಭಾನುವಾರ ನಿನ್ನ ದನಿ ಕೇಳ್ತಾನೇ ಪಾತ್ರೆ ತೊಳೀತಿದ್ದೆ. ಆವತ್ತು ಅದು ನಿಂತಿದ್ದು ಗೊತ್ತಾಯ್ತು. ನಿಮ್ಮಪ್ಪನಿಗೂ ಗೊತ್ತು. ಶಿವೂಗೂ ಗೊತ್ತು."

ಅಲ್ಲೇ ನೆಲದ ಮೇಲೆ ಕೂತೆ.

"ಮತ್ತೆ ಅವನಿಗೆ ಯಾಕೆ ಬೈದೆ? ಯಾಕಮ್ಮ ಓಡಿಸಿದೆ?"

"ಬೈದಿದ್ದು ಸಂಕಟಕ್ಕೆ. ನಾನೆಲ್ಲಿ ಓಡಿಸ್ದೆ? ನೀನು ಹೇಳ್ತಾ ಇದ್ದೆ ಅಂದ್ಯಲ್ಲ. ಹನ್ನೊಂದು ವರ್ಷದ ಕೂಸು, ಸುಳ್ಳಿ ಅಂತ ಅನ್ಲಾ? ಸಾಯಂಕಾಲ ಆಸ್ಪತ್ರೆ ಹತ್ರ ಸಿಕ್ಕಿದ್ದ. 'ಅಕ್ಕ, ಅವಳನ್ನ ಕೇಳ್ಬೇಡ, ಭಾವನೂ ಕೇಳೋದು ಬೇಡ. ನಾನು ಕಣ್ಮುಂದೆ ಇದ್ರೆ ಅವಳಿಗೆ ಹಿಂಸೆ. ಅವಳಾಗೇ ಹೇಳ್ಲಿ. ಹೇಳಿದ ದಿನ ಬರ್ತೀನಿ, ಹುಳಿ ಮಾಡಿಡು' ಅಂದ. ಹುಚ್ಚು ಮುಂಡೇದು. ಒಂದು ವಾರ, ಹದಿನೈದು ದಿನ ಅಂದ್ಕೊಂಡಿದ್ವಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ತಿಂಗ್ಳಿಗೊಂದು ಸಲ ಫೋನ್ ಮಾಡೋನು. ನೀನು ಸ್ಕೂಲಿಗೆ ಹೋದಾಗ, ಆಮೇಲೆ ಗ್ಯಾರೇಜಿಗೆ ಹೋದಾಗ. ಹೋದ ತಿಂಗ್ಳೂ ಮಾಡಿದ್ದ, ಉಸಿರು ಹಿಡೀತಿತ್ತು ಪಾಪ. ಬೇರೆ ಮಾತೇ ಇಲ್ಲ. 'ಹೇಳಿದ್ಲಾ ಅಕ್ಕ?' ಅಂತ."

"ನೀನೇನಂತಿದ್ದೆ?"

"ಇನ್ನೂ ಇಲ್ಲ ಕಣೋ, ಅಂತಿದ್ದೆ."